ವಿಭೂತಿ ಹಚ್ಚಿದ ಬೂಟು

ದಸರೆಯ ದಿನ ಬನ್ನಿ ಕೊಡಲು ಬರುವವರು ಯಾರೂ ಅಳುತ್ತ ಬರುವುದಿಲ್ಲ. ಆದ್ದರಿಂದ ಯೆರವಡಾದ ಆ ಹಳೆಯ ಚಾಳಿನ ಮೆಟ್ಟಿಲನ್ನು ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹತ್ತಿ ಬಂದಾಗಲೇ, ಇವತ್ತು ಹೋಳಿಗೆ ಊಟ ಹೊತ್ತಿಗೆ ಸರಿಯಾಗಿ ಆಗುವುದಿಲ್ಲವೆಂದು ಅಂಬಾರಾಯನಿಗೆ ಗೊತ್ತಾಗಿಹೋಯಿತು.

ಅಂಬಾರಾಯ ವಿಮಾ ಕಚೇರಿಯ ಗುಮಾಸ್ತ. ಹೆಂಡತಿ ಹಬ್ಬಕ್ಕೆಂದು ಕಲಬುರಗಿಗೆ ಹೋದಾಗಲೆಲ್ಲ ಅವನ ಊಟ ಕೆಳಗಿನ ಮನೆಯ ನರ್ಮದಾ ಕಾಕುವಿನ ಹತ್ತಿರ. ಅರವತ್ತನಾಲ್ಕು ವರ್ಷದ ಈ ಕಾಕು ರೈಲ್ವೆ ಶೆಡ್ಡಿನ ಫಿಟರ್ ಒಬ್ಬನ ವಿಧವೆ. ಚಾಳಿನಲ್ಲಿ ಕಳುವಾದ ತಾಮ್ರದ ಹಂಡೆಯನ್ನು ಪತ್ತೆಹಚ್ಚಿಕೊಟ್ಟಲ್ಲಿಂದ ಶುರುವಾದ ಅವಳ ಹೆಸರು ಈಗ ಎಲ್ಲಿಗೆ ಮುಟ್ಟಿತ್ತೆಂದರೆ, ಪೊಲೀಸ್ ಇನ್‌ಸ್ಪೆಕ್ಟರರೂ ಚಹಾದ ನೆಪದಲ್ಲಿ ಬಂದು ಕೂಡುತ್ತಿದ್ದರು. ಹನ್ನೆರಡು ವರ್ಷಗಳಿಂದ ಅವಳನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ತಿರುಗಿದವನು ಅಂಬಾರಾಯ. ಪ್ರತಿ ಸಲವೂ ಕಾಕುವಿಗಿಂತ ಮೊದಲು ಅಪರಾಧಿಯನ್ನು ಹೆಸರಿಸುತ್ತಿದ್ದ, ಪ್ರತಿ ಸಲವೂ ತಪ್ಪುತ್ತಿದ್ದ. ಅದರಿಂದ ಅವನ ಉತ್ಸಾಹವೇನೂ ಕುಗ್ಗಿರಲಿಲ್ಲ.

ಬಂದವಳ ಹೆಸರು ಚನ್ನಬಸವ್ವ. ಅವಳ ಗಂಡ ಮುರುಗೆಪ್ಪ ಚಾಕಣದ ಒಂದು ಕಾರ್ಖಾನೆಯಲ್ಲಿ ಕಾದ ಕಬ್ಬಿಣ ಬಡಿಯುವ ಯಂತ್ರದ ಮೇಲೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು. ಹಿಂದಿನ ದಿನ, ಖಂಡೇನವಮಿಯ ಸಂಜೆ, ಆ ಕಾರ್ಖಾನೆಯ ಸ್ಟೋರ್ ಕೀಪರ್ ಚಂದ್ರಪ್ಪ ತನ್ನ ಸ್ಟೋರಿನಲ್ಲಿ ತಲೆ ಒಡೆದು ಬಿದ್ದದ್ದು ಸಿಕ್ಕಿತ್ತು. ಇನ್ನೂ ಎಚ್ಚರವಾಗಿರಲಿಲ್ಲ. ಅವನ ಸುತ್ತ ಡಬ್ಬಿಯಿಂದ ಚೆಲ್ಲಿದ ಎಣ್ಣೆ, ಎಣ್ಣೆಯಲ್ಲಿ ಬೂಟಿನ ಹೆಜ್ಜೆ. ಹಿಮ್ಮಡಿಗೆ ಬಡಿದ, ಲಾಳದಂಥ ಕಬ್ಬಿಣದ ನಾಲಿನ ಒಂದು ಮೂಲೆ ಮುರಿದಿದ್ದ ಬೂಟು ಅದು. ಅಂಥ ಬೂಟು ಇಡೀ ಕಾರ್ಖಾನೆಯಲ್ಲಿ ಮುರುಗೆಪ್ಪನದೊಂದೇ.

"ಸಂಜಿ ಐದಕ್ಕ ಒಳಗ ಹಾಕತಾರಂತ, ಕಾಕೂ" ಎಂದಳು ಚನ್ನಬಸವ್ವ. "ಚಂದ್ರಪ್ಪನ ಜೀವಕ್ಕ ಏನರ ಆತಂದ್ರ ಕೊಲಿ ಕೇಸಂತ. ನಮ್ಮನಿಯವರು ಇರುವಿಗೂ ಕಾಲು ತಪ್ಪಿಸಿ ನಡಿಯೋ ಮನಷ್ಯಾರು."

ಸಂಗತಿ ಬರೇ ಹೆಜ್ಜೆಯದಾಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಅದೇ ಮುಂಜಾನೆ ಇಬ್ಬರಿಗೂ ಜಗಳವಾಗಿತ್ತು. ಆರು ವರ್ಷದ ಹಿಂದೆ ಕೆಂಪಗೆ ಕಾದ ತುಂಡೊಂದು ಮುರುಗೆಪ್ಪನ ಪಾದದ ಮೇಲೆ ಬಿದ್ದಾಗ ಬೆರಳು ಉಳಿಸಿದ್ದು ಅವನ ತೊಗಲಿನ ಬೂಟು. ಅಂದಿನಿಂದ ಅವನು ಖಂಡೇನವಮಿಗೆ ಹತಾರಗಳ ಸಾಲಿನಲ್ಲಿ ಬೂಟನ್ನೂ ಇಟ್ಟು ಪೂಜಿಸುತ್ತಿದ್ದ. ಚಪ್ಪಲಿ-ಬೂಟು ದೇವರ ಮುಂದೆ ಇಡುವುದೇನೆಂದು ಚಂದ್ರಪ್ಪ ಅವನ್ನು ಕಾಲಿನಿಂದ ಸರಿಸಿದ. ಇನ್ನೊಮ್ಮೆ ಮುಟ್ಟಿದರೆ ಕಾಲು ಮುರಿಯುತ್ತೇನೆಂದು ಮುರುಗೆಪ್ಪ ಮೂವತ್ತು ಜನರೆದುರು ಹೇಳಿಬಿಟ್ಟ. ಸಿಟ್ಟಿನ ಮಾತು, ಆದರೆ ಪೊಲೀಸರ ಡೈರಿಯಲ್ಲಿ ಅದಕ್ಕೆ ಬೇರೆ ಅರ್ಥ ಬಂದಿತ್ತು.

ಕಾಕು ಜಗಳದ ಬಗ್ಗೆ ಏನೂ ಕೇಳಲಿಲ್ಲ. ಬೂಟು ಸ್ವಚ್ಛ ಮಾಡುವವರು ಯಾರೆಂದು ಕೇಳಿದಳು. ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲವೆಂದು ಚನ್ನಬಸವ್ವ ಹೇಳಿದಳು. ಮೊದಲು ಲೇಸು ಬಿಚ್ಚಿ ಬೇರೆ ತೊಳೆಯುತ್ತಾನೆ. ಒಣ ಬ್ರಶ್ಶಿನಿಂದ ಧೂಳು ತೆಗೆದು ಹಸಿ ಬಟ್ಟೆಯಿಂದ ಒರೆಸುತ್ತಾನೆ. ಒಳಗೆ ಹಳೆಯ ಪೇಪರು ತುರುಕಿ ನೆರಳಲ್ಲಿ ಆರಿಸಿ, ಅಗಸೆ ಎಣ್ಣೆಗೆ ಜೇನುಮೇಣ ಕರಗಿಸಿ ಬೆರಳಿನಿಂದಲೇ ತಿಕ್ಕುತ್ತಾನೆ. ಪೂಜೆಗೆ ಇಟ್ಟಾಗಲೂ ಆಕಾರ ಕೆಡದಿರಲೆಂದು ಪೇಪರು ಒಳಗೇ ಇರುತ್ತದೆ. ಮೇಲೆ ಮೂರೆಳೆ ವಿಭೂತಿ. ವಿಭೂತಿ ಗಟ್ಟಿ ಮುಂಜಾನೆ ಜೇಬಿನಲ್ಲಿ ಒಯ್ದಿದ್ದ, ಮಧ್ಯಾಹ್ನ ತಂದು ಮನೆಯ ದೇವರ ಜಗಲಿಯ ಮೇಲೆ ಇಟ್ಟಿದ್ದ.

"ಸಂಜಿಗೆ ಮತ್ತ ಫ್ಯಾಕ್ಟರಿಗೆ ಯಾಕ ಹೋಗಿದ್ರು?"

"ದೀಪಕ್ಕ ಎಣ್ಣಿ ಹಾಕಾಕ್ರಿ. ಐದೂಕಾಲಿಗೆ ಹೋಗಿ ಬಂದ್ರು. ಆವಾಗ ಗಟ್ಟಿ ಜಗಲಿ ಮ್ಯಾಲೇ ಇತ್ತು. ನಾನೇ ದೀಪ ಹಚ್ಚೀನಿ."

ಕಾಕು ಹೋಳಿಗೆಯ ತಾಟಿನ ಮೇಲೆ ತಟ್ಟೆ ಮುಚ್ಚಿದಳು. ಅಂಬಾರಾಯ ನಿಟ್ಟುಸಿರು ಬಿಟ್ಟು ಸ್ಕೂಟರಿನ ಕೀಲಿ ಹುಡುಕಿದ.

ಚಾಕಣದ ಪೊಲೀಸ್ ಚೌಕಿಯಲ್ಲಿ ಇನ್‌ಸ್ಪೆಕ್ಟರರು ಮರಾಠಿಯಲ್ಲಿ ಕಾಕುವಿಗೆ ಹಬ್ಬದ ಶುಭಾಶಯ ಹೇಳಿ, ಈ ಸಲ ನಿಮಗೆ ಕೆಲಸವಿಲ್ಲ ಎಂದರು. ಬೂಟಿನ ತಳದಲ್ಲಿ, ನಾಲಿನ ಸಂದಿಯಲ್ಲಿ ಅದೇ ಎಣ್ಣೆ ಸಿಕ್ಕಿತ್ತು. ಅಪರಾಧಿ ಬೂಟನ್ನು ತೊಳೆದು ಮತ್ತೆ ಪೂಜೆಯ ಸಾಲಿನಲ್ಲಿ ಇಟ್ಟಿದ್ದ, ಸಂದಿಯನ್ನು ಮರೆತಿದ್ದ. ಬೂಟು ತೊಳೆಯುವ ಚಟ ಯಾರಿಗಿದೆಯೆಂದು ಇಡೀ ಕಾರ್ಖಾನೆಗೆ ಗೊತ್ತು ಎಂದು ಅವರು ನಕ್ಕರು. ಅಂಬಾರಾಯನಿಗೂ ಆ ಮಾತು ಸರಿಯೆನಿಸಿತು.

ಕಾಕು ಕೈಗವಸು ಹಾಕಿಕೊಂಡು ಬೂಟನ್ನು ಮೇಜಿನ ಮೇಲಿಟ್ಟಳು. ಮಿರಮಿರ ಮಿಂಚುವ ಕಪ್ಪು ಬೂಟು. ಮೂತಿಯ ಮೇಲೆ ನೀಟಾದ ಮೂರೆಳೆ ವಿಭೂತಿ. ಅವಳು ವಿಭೂತಿಯನ್ನು ಉಗುರಿನಿಂದ ಒಂದಿಷ್ಟೇ ಕೆರೆದಳು. ಕೆಳಗೂ ಅದೇ ಮಿಂಚು. ಲೇಸಿನ ಮೇಲೆ ಅಲ್ಲಲ್ಲಿ ಪಾಲಿಶಿನ ಮಸಿ ಹತ್ತಿತ್ತು. ಲೇಸು ಸಡಿಲಿಸಿ ಬೂಟಿನ ನಾಲಗೆ ಎತ್ತಿದರೆ ಅದರ ಮಡಿಕೆಯಲ್ಲಿ ಎಣ್ಣೆ ಹಾಗೇ ಇತ್ತು. ಬೆರಳು ಮಡಚುವ ಜಾಗದಲ್ಲಿ ತೊಗಲು ಸಣ್ಣಗೆ ಬಿರಿದಿತ್ತು, ತಳದ ಅಂಟು ಒಂದು ಕಡೆ ಎದ್ದಿತ್ತು. ಕೊನೆಗೆ ಒಳಗಿನ ಪೇಪರು ತೆಗೆದಳು. ಹಿಮ್ಮಡಿಯ ಕಡೆಯ ಪೇಪರು ಉಬ್ಬಿಕೊಂಡಿತ್ತು. ಮೂತಿಯೊಳಗಿನದು ಮಾತ್ರ ಹಪ್ಪಳದಂತೆ ಚಪ್ಪಟೆಯಾಗಿ ಗಟ್ಟಿಯಾಗಿತ್ತು.

ಇದನ್ನೆಲ್ಲ ಅಂಬಾರಾಯನೂ ನೋಡಿದ. ನೋಡಿ ಏನೂ ತಿಳಿಯದೆ ಗಂಭೀರವಾಗಿ ತಲೆಯಾಡಿಸಿದ. ಕಾಕು ಬೂಟಿನ ಬಿರುಕಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ಅವಳ ಮನೆಯ ಕಪಾಟಿನಲ್ಲಿ ಗಂಡನ ಬೂಟಿನ ಜೋಡಿ ಈಗಲೂ ಇದೆ, ತಿಂಗಳಿಗೊಮ್ಮೆ ಅದಕ್ಕೆ ಎಣ್ಣೆ ಬೀಳುತ್ತದೆ.

ಕಾರ್ಖಾನೆ ಹಬ್ಬದ ರಜೆಯಲ್ಲಿತ್ತು. ಯಂತ್ರಗಳಿಗೆಲ್ಲ ಚೆಂಡು ಹೂವಿನ ಮಾಲೆ, ಅರಿಸಿನ-ಕುಂಕುಮದ ಬೊಟ್ಟು. ಪೂಜೆಯ ತಟ್ಟೆ ಇನ್ನೂ ಅಲ್ಲೇ ಇತ್ತು. ಅದರಲ್ಲಿ ಅರಿಸಿನ, ಕುಂಕುಮ, ಅಕ್ಷತೆ ಇದ್ದವು, ವಿಭೂತಿ ಇರಲಿಲ್ಲ. ಪೂಜೆ ಮಾಡಿಸಿದ ಕಾವಲುಗಾರ, ವಿಭೂತಿ ನಮ್ಮಲ್ಲಿ ತರುವುದಿಲ್ಲ, ಅದು ಮುರುಗೆಪ್ಪ ತಾನೇ ತಂದು ಬೂಟಿಗೆ ಹಚ್ಚುವುದು ಎಂದ.

ಹಿಂದಿನ ದಿನ ಪೂಜೆ ಮುಗಿದು ಎಲ್ಲರೂ ಹೋದ ಮೇಲೆ, ಸಂಜೆ ಐದರಿಂದ ಆರೂವರೆಯೊಳಗೆ ಚಂದ್ರಪ್ಪನನ್ನು ಬಿಟ್ಟು ಒಳಗೆ ಬಂದವರು ನಾಲ್ವರು. ದೀಪಕ್ಕೆ ಬಂದ ಮುರುಗೆಪ್ಪ. ಮರೆತ ಮೊಬೈಲಿಗೆ ಬಂದ ಸಂಜು, ಪುಣೆಯಲ್ಲೇ ಹುಟ್ಟಿ ಬೆಳೆದ ಹುಡುಗ, ಹಣೆಗೆ ಉದ್ದ ಕುಂಕುಮ. ಕಚೇರಿಯ ಕಾಗದಪತ್ರ ನೋಡಲು ಬಂದ ಮ್ಯಾನೇಜರ್ ರಾಜೀವ, ಮೈಸೂರಿನ ಕಡೆಯವನು. ಮತ್ತು ತಯಾರಾದ ಮಾಲನ್ನು ಪರೀಕ್ಷಿಸಿ ಪಾಸು ಮಾಡುವ ಚನ್ನವೀರ, ವಾಕಡದ ತನ್ನ ಮನೆಯಿಂದ ಬಂದಿದ್ದ. ಯಾರು ಯಾವಾಗ ಹೊರಗೆ ಹೋದರೆಂದು ಕಾವಲುಗಾರನಿಗೆ ನೆನಪಿರಲಿಲ್ಲ. ಅವನು ಗೇಟಿನ ಹೊರಗೆ ಹಾದುಹೋಗುವವರಿಗೆ ಪ್ರಸಾದ ಹಂಚುವುದರಲ್ಲಿದ್ದ.

ಇವರಲ್ಲಿ ಸಂಜುವಿಗೂ ಚಂದ್ರಪ್ಪನಿಗೂ ಹೋದ ವಾರವಷ್ಟೇ ಕೈಕೈ ಮಿಲಾಯಿಸುವ ಜಗಳವಾಗಿತ್ತು. ಅಂಬಾರಾಯನಿಗೆ ಅಷ್ಟು ಸಾಕಾಯಿತು.

"ಕಾಕೂ, ಇವನೇ" ಎಂದು ಪಿಸುಗುಟ್ಟಿದ. ಕಾಕು ಅವನನ್ನು ಕರುಣೆಯಿಂದ ನೋಡಿ ಸ್ಟೋರಿನೊಳಗೆ ಹೋದಳು.

ಸ್ಟೋರಿನ ನೆಲದ ಮೇಲೆ ಕಬ್ಬಿಣದ ಚೂಪು ಚೂರುಗಳು ಹರಡಿದ್ದವು. ಚಪ್ಪಲಿಯಲ್ಲಿ ಬಂದಿದ್ದ ಅಂಬಾರಾಯ ಎರಡೇ ಹೆಜ್ಜೆಗೆ ಅಂಗಾಲು ಹಿಡಿದುಕೊಂಡು ಕುಂಟಿದ. ಕಳುವಾದದ್ದು ಏನೂ ಇಲ್ಲವೆಂದು ಪೊಲೀಸರು ಬರೆದಿದ್ದರು. ಕಾಕು ಕಪಾಟುಗಳ ನಡುವೆ ನಿಧಾನವಾಗಿ ನಡೆದು, ಕೆಟ್ಟ ಮಾಲು ಇಡುವ ಕೆಂಪು ಬಣ್ಣದ ಹಲಗೆಯ ಮುಂದೆ ನಿಂತಳು. ಧೂಳಿನ ನಡುವೆ ಅಂಗೈಯಗಲದ ಒಂದು ದುಂಡನೆ ಜಾಗ ಸ್ವಚ್ಛವಾಗಿತ್ತು. ಅಲ್ಲಿದ್ದ ಯಾವುದೋ ತುಣುಕು ಈಗ ಇರಲಿಲ್ಲ.

ಮ್ಯಾನೇಜರ್ ರಾಜೀವನನ್ನು ಕೇಳಿದಾಗ ಅವನು ತಡವರಿಸಿದ. "ನಾಳೆ ಕಸ್ಟಮರ್ ಕಡೆಯಿಂದ ಆಡಿಟ್ ಇದೆ ಮೇಡಂ. ಏನೋ ತೋರಿಸ್ಬೇಕು ಅಂತ ಚಂದ್ರಪ್ಪ ಮೊನ್ನೆ ಅಂದಿದ್ರು. ಏನು ಅಂತ ನಾನೂ ಕೇಳ್ಲಿಲ್ಲ."

ಪಾಲಿಶ್ ಡಬ್ಬಿ ಎಲ್ಲಿರುತ್ತದೆಂದು ಕಾಕು ಕೇಳಿದಳು. ಪರೀಕ್ಷೆಯ ಕೋಣೆಯ ಬೇಸಿನ್ನಿನ ಪಕ್ಕದಲ್ಲಿ, ಎಂದ ರಾಜೀವ. ಹೊರಗಿನವರು ಬಂದಾಗ ಬೂಟಿಗೆ ಹಚ್ಚಿಕೊಳ್ಳಲು ಇಟ್ಟದ್ದು. ಆ ಕೋಣೆಗೆ ಎರಡೇ ಕೀಲಿ, ಒಂದು ಅವನ ಹತ್ತಿರ, ಇನ್ನೊಂದು ಚನ್ನವೀರನ ಹತ್ತಿರ. ಅಲ್ಲೇ ತೊಳೆದ ಮಾಲು ಒಣಗಿಸುವ ಬಿಸಿಗಾಳಿಯ ಯಂತ್ರವೂ ಇತ್ತು.

ಇಬ್ಬರ ಹತ್ತಿರ ಕೀಲಿ. ಅಂಬಾರಾಯ ಮನಸ್ಸಿನಲ್ಲೇ ಸಂಜುವನ್ನು ಬಿಟ್ಟು ರಾಜೀವನನ್ನು ಹಿಡಿದುಕೊಂಡ. ತಡವರಿಸಿದವನು ಅವನೇ ತಾನೆ?

ನಾಲ್ಕು ಗಂಟೆಗೆ ಎಲ್ಲರೂ ಪರೀಕ್ಷೆಯ ಕೋಣೆಯಲ್ಲಿ ಸೇರಿದರು. ಇನ್‌ಸ್ಪೆಕ್ಟರರು ಗಡಿಯಾರ ನೋಡುತ್ತ ಕುಳಿತಿದ್ದರು. ಅವರ ಪಕ್ಕದಲ್ಲಿ ಮುರುಗೆಪ್ಪ, ಎತ್ತರದ ಆಳು, ಕೈ ಎಲ್ಲಿ ಇಡಬೇಕೆಂದು ತಿಳಿಯದವನಂತೆ ನಿಂತಿದ್ದ. ಬಾಗಿಲಲ್ಲಿ ಚನ್ನಬಸವ್ವ. ಸಂಜು ಗೋಡೆಗೆ ಒರಗಿದ್ದ. ಚನ್ನವೀರ ಎಲ್ಲರಿಗೂ ನಮಸ್ಕಾರ ಹೇಳಿ ಬಂದ. ಕುಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಮಾಸದ ಮೂರೆಳೆ. ಆಸ್ಪತ್ರೆಯಿಂದ ಸುದ್ದಿ ಬಂತೇ ಎಂದು ಮೊದಲು ಕೇಳಿದವನೂ ಅವನೇ.

ನಾಲ್ವರ ಬೂಟಿನ ತಳವನ್ನೂ ಹೋಲಿಸಿ ನೋಡಬೇಕು ಎಂದಳು ಕಾಕು. ಮುರುಗೆಪ್ಪನಿಗೆ ಸ್ಟೋರಿನಿಂದ ಬೇರೊಂದು ಹಳೆಯ ಜೋಡಿ ಕೊಟ್ಟರು, ಉಳಿದ ಮೂವರು ಬಟ್ಟೆ ಬದಲಿಸುವ ಕೋಣೆಯ ಬೀಗ ತೆಗೆಸಿ ತಮ್ಮ ಕಪಾಟಿನಿಂದ ತಂದರು. ಎಲ್ಲ ಬೂಟಿಗೂ ಹೊಲಸು ಮೆತ್ತಿತ್ತು.

"ಅರ್ಧ ತಾಸು ಕೊಡ್ತೀನ್ರಿ. ಸ್ವಚ್ಛ ಮಾಡಿ, ಒಣಗಿಸಿ, ಮೇಜಿನ ಮ್ಯಾಲ ಇಡ್ರಿ" ಎಂದಳು. "ಬ್ರಶ್ಶು, ಬಟ್ಟಿ, ಎಣ್ಣಿ, ಪಾಲಿಶ್ ಎಲ್ಲಾ ಇಲ್ಲೇ ಅದಾವ."

ಇನ್‌ಸ್ಪೆಕ್ಟರರಿಗೆ ಇದು ಹುಡುಗಾಟವೆನಿಸಿತು. ಐದಕ್ಕೆ ಹದಿನೈದು ನಿಮಿಷವಾದರೂ ಮೊದಲು ಮುಗಿಯಬೇಕೆಂದು ಖಡಾಖಂಡಿತವಾಗಿ ಹೇಳಿದರು. ನಾಲ್ವರೂ ಕೆಲಸಕ್ಕೆ ತೊಡಗಿದರು. ರಾಜೀವ ತನ್ನ ಹೊಸ ಬೂಟನ್ನು ಹಸಿ ಬಟ್ಟೆಯಿಂದ ನಾಲ್ಕು ಸಲ ಒರೆಸಿ ಕೆಳಗಿಟ್ಟ. ಅಷ್ಟೇ ಅವನಿಗೆ ಗೊತ್ತಿದ್ದದ್ದು. ಮುರುಗೆಪ್ಪ ಮೊದಲು ಲೇಸು ಬಿಚ್ಚಿದ. ಯಾರದೋ ಬೂಟು, ತಾನೋ ಜೈಲಿನ ಹೊಸ್ತಿಲಲ್ಲಿದ್ದವನು, ಆದರೂ ನಾಲಗೆಯ ಮಡಿಕೆಯನ್ನು ಬಿಡದೆ ಒರೆಸಿದ. ಸೋಜಿಗವೆಂದರೆ ಸಂಜುವೂ ಲೇಸು ಬಿಚ್ಚಿದ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಮುರುಗೆಪ್ಪ ಅವನಿಗೆ ಕಲಿಸಿದ್ದನಂತೆ.

ಚನ್ನವೀರ ಬೂಟನ್ನು ಲೇಸಿನ ಸಮೇತ ನಲ್ಲಿಯ ಕೆಳಗೆ ಹಿಡಿದ. ಸಾಬೂನು ಹಚ್ಚಿ ತಿಕ್ಕಿದ. ನೀರು ಝಾಡಿಸಿ, ಮೂಲೆಗೆ ಹೋಗಿ ಬಿಸಿಗಾಳಿಯ ಯಂತ್ರದ ಗುಂಡಿ ಒತ್ತಿದ. ಭರ್ರೆಂದು ಗಾಳಿ ಬಂತು. ಬೂಟನ್ನು ಅದರ ಬಾಯಿಗೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಪಾಲಿಶ್ ಡಬ್ಬಿ ಎಳೆದುಕೊಂಡ.

"ಸಾಕ್ರಿ, ಚನ್ನವೀರಪ್ಪ" ಎಂದಳು ಕಾಕು. "ಯಂತ್ರ ಬಂದ್ ಮಾಡ್ರಿ."

ಅವನು ಬಂದ್ ಮಾಡಿದ. ತನ್ನ ಕೈಯೊಳಗಿನ ಬೂಟನ್ನು ನೋಡಿದ. ಬೆರಳು ಮಡಚುವ ಜಾಗದಲ್ಲಿ ಅದರ ತೊಗಲು ಅಡ್ಡಡ್ಡ ಬಿರಿದಿತ್ತು. ಹಳೆಯ ಬಿರುಕುಗಳು, ಎಷ್ಟೋ ಮಳೆಗಾಲ ಹೀಗೇ ಬಿಸಿಗಾಳಿಗೆ ಹಿಡಿದವು.

ಕಾಕು ಮುರುಗೆಪ್ಪನ ಬೂಟನ್ನು ಅದರ ಪಕ್ಕದಲ್ಲಿಟ್ಟು ಒಂದೊಂದಾಗಿ ಹೇಳಿದಳು, ಇನ್‌ಸ್ಪೆಕ್ಟರರಿಗೆ ತಿಳಿಯಲೆಂದು ನಡುನಡುವೆ ಮರಾಠಿಯಲ್ಲಿ. ಒದ್ದೆ ತೊಗಲಿಗೆ ಬಿಸಿ ಕೊಟ್ಟರೆ ಅದು ಬಿರಿಯುತ್ತದೆ, ತಳದ ಅಂಟು ಏಳುತ್ತದೆ. ಈ ಬೂಟಿಗೆ ನಿನ್ನೆಯವರೆಗೂ ಎಣ್ಣೆ-ಮೇಣ ಬಿಟ್ಟು ಬೇರೇನೂ ತಾಗಿರಲಿಲ್ಲ. ನಿನ್ನೆ ಇದನ್ನು ತೊಳೆದವನು ಲೇಸು ಬಿಚ್ಚಲಿಲ್ಲ, ನಾಲಗೆಯ ಕೆಳಗಿನ ಎಣ್ಣೆ ಅಲ್ಲೇ ಉಳಿಯಿತು. ಪಾಲಿಶ್ ಹಚ್ಚಿದ, ಅದು ಲೇಸಿಗೂ ಮೆತ್ತಿತು. ಮುರುಗೆಪ್ಪ ಇಷ್ಟು ಕೆಟ್ಟದಾಗಿ ಬೂಟು ತೊಳೆಯಬೇಕೆಂದರೂ ಅವನ ಕೈಗೆ ಬರುವುದಿಲ್ಲ. ಅದನ್ನು ಈಗ ಎಲ್ಲರೂ ಕಣ್ಣಾರೆ ಕಂಡರು.

ಆಮೇಲೆ ಪೇಪರು. ಬೂಟು ಹತ್ತನೇ ನಂಬರಿನದು, ಮುರುಗೆಪ್ಪನ ಪಾದಕ್ಕೆ ಸರಿಯಾದದ್ದು. ತೊಟ್ಟವನ ಪಾದ ಸಣ್ಣದು. ಆದ್ದರಿಂದ ಅವನು ಹಿಮ್ಮಡಿಯ ಪೇಪರು ತೆಗೆದು, ಮೂತಿಯದನ್ನು ಒಳಗೇ ಬಿಟ್ಟು ಕಾಲು ಹಾಕಿದ. ನಡೆದಾಗ ಅವನ ಬೆರಳು ಅದನ್ನು ಒತ್ತಿ ಚಪ್ಪಟೆ ಮಾಡಿತು. ಮುರುಗೆಪ್ಪ ತೊಟ್ಟಿದ್ದರೆ ಪೇಪರಿಗೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ.

"ಆದ್ರ ಮಂದೀ ಬೂಟು ಯಾಕ ಹಾಕೋಬೇಕು?" ಎಂದು ಅಂಬಾರಾಯ ಕೇಳಿಯೇಬಿಟ್ಟ.

"ನಿನ್ನ ಅಂಗಾಲು ಹೇಳಲಿಲ್ಲೇನು?" ಎಂದಳು ಕಾಕು. ಹಬ್ಬದ ಚಪ್ಪಲಿಯಲ್ಲಿ ಬಂದವನಿಗೆ ಆ ನೆಲದ ಮೇಲೆ ನಡೆಯುವುದಾಗುವುದಿಲ್ಲ. ರಜೆಯಾದ್ದರಿಂದ ಬಟ್ಟೆ ಬದಲಿಸುವ ಕೋಣೆಗೆ ಬೀಗ, ಅವನ ಸ್ವಂತ ಬೂಟು ಅದರೊಳಗೆ. ಹೊರಗೆ ಕಣ್ಣಿಗೆ ಬಿದ್ದದ್ದು ಪೂಜೆಯ ಸಾಲಿನ ಈ ಜೋಡಿ. ಅವನು ಹೋದದ್ದು ಚಂದ್ರಪ್ಪನನ್ನು ಹೊಡೆಯಲು ಅಲ್ಲ. ಕೆಂಪು ಹಲಗೆಯ ಮೇಲಿದ್ದ ಒಂದು ತುಣುಕಿಗೆ. ಬಿರುಕು ಬಿಟ್ಟಿದ್ದರೂ ಪಾಸಾಗಿದ್ದ ಮಾಲಿನ ತುಣುಕು ಅದು, ನಾಳೆ ಆಡಿಟ್ಟಿನವರ ಕೈ ಸೇರಬೇಕಾಗಿತ್ತು. ಅದು ಕಾಣೆಯಾದರೆ ಉಳಿಯುವುದು ಪಾಸು ಮಾಡಿದವನ ಕೆಲಸ.

ಚನ್ನವೀರ ಒಪ್ಪಲಿಲ್ಲ. ಬೂಟನ್ನು ಹಾಗೆ ತೊಳೆಯುವವರು ಊರ ತುಂಬ ಇದ್ದಾರೆ, ಕೋಣೆಯ ಕೀಲಿ ರಾಜೀವ ಸಾಹೇಬರ ಹತ್ತಿರವೂ ಇದೆ ಎಂದ.

"ಖರೆ ಅದ" ಎಂದಳು ಕಾಕು. "ಆದ್ರ ಪಾಲಿಶ್ ಹಚ್ಚಿದ ಮ್ಯಾಲ ವಿಭೂತಿ ಹಚ್ಚಿದವರು ಯಾರು? ತೊಳದಾಗ ಮುಂಜಾನಿದು ಹೋಗಿತ್ತು. ಇಲ್ಲೆ ತಟ್ಟಿಯೊಳಗ ವಿಭೂತಿ ಇಲ್ಲ. ಮುರುಗೆಪ್ಪನ ಗಟ್ಟಿ ಮನಿ ಜಗಲಿ ಮ್ಯಾಲ ಇತ್ತು. ರಾಜೀವ ಅವರು ವಿಭೂತಿ ಹಚ್ಚೋರಲ್ಲ, ಸಂಜು ಹಚ್ಚಿದ್ರ ಕುಂಕುಮ ಹಚ್ಚತಿದ್ದ. ಹೊತ್ತು ಗೊತ್ತು ತಪ್ಪದ ಹಚ್ಕೊಳ್ಳಾಕ ಗಟ್ಟಿ ಜೇಬಿನಾಗ ಇಟ್ಕೊಂಡು ತಿರಗೋರು ಈ ಕೋಣಿಯೊಳಗ ಒಬ್ಬರೇ ಇದ್ದೀರಿ. ನಿಮ್ಮ ಹಣಿ ಈಗ್ಲೂ ಹಸೀ ಅದ."

ಚನ್ನವೀರನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಇನ್‌ಸ್ಪೆಕ್ಟರರು ಎದ್ದು ನಿಂತರು. ಜೇಬಿನಿಂದ ಬಂದದ್ದು ಬಿಳಿ ಬಟ್ಟೆಯ ಸಣ್ಣ ಚೀಲ. ಅವನು ಅದನ್ನು ಮೇಜಿನ ಮೇಲೆ ಇಡಲಿಲ್ಲ, ಮುಷ್ಟಿಯಲ್ಲೇ ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದ.

"ಸ್ಟೋರಿನಾಗ ಕತ್ತಲಿತ್ತು. ಯಾರೋ ಬಂದ್ರು ಅಂತ ದೂಡಿ ಓಡಿದೆ" ಎಂದ. "ತುಣುಕು ಇಂದ್ರಾಯಣಿ ಹೊಳಿಗೆ ಒಗದೆ. ಆದ್ರ ಪೂಜಿ ಆದ ಬೂಟು, ಕಾಕೂ. ಬೋಳ ಇಡಾಕ ಮನಸ ಬರಲಿಲ್ಲ."

ಬಾಗಿಲಲ್ಲಿದ್ದ ಚನ್ನಬಸವ್ವನಿಗೆ ಅಲ್ಲಿಯವರೆಗೆ ಬಾರದ ಸಿಟ್ಟು ಈ ಮಾತಿಗೆ ಬಂತು. ಬೂಟು ಬೋಳಾಗಿರುವುದನ್ನು ನೋಡಲಾರದವನು, ಅವಳ ಗಂಡ ಆಗಿನಿಂದ ಪೊಲೀಸರ ಪಕ್ಕದಲ್ಲಿ ನಿಂತದ್ದನ್ನು ಮಾತ್ರ ನೋಡಿಕೊಂಡಿದ್ದ. ಅವಳು ಅದನ್ನು ಹಾಗೇ ಹೇಳಿದಳು.

ಗಡಿಯಾರದಲ್ಲಿ ಐದಾಗಿತ್ತು. ಕರೆದೊಯ್ಯಬೇಕಾದವನನ್ನೇ ಕರೆದೊಯ್ದರು, ಮುರುಗೆಪ್ಪನನ್ನಲ್ಲ. ಬೂಟು ಮಾತ್ರ ಸಾಕ್ಷಿಯೆಂದು ಚೌಕಿಗೆ ಹೋಗಬೇಕಾಯಿತು. ಕೊಡುವ ಮೊದಲು ಒಂದಿಷ್ಟು ಎಣ್ಣೆ ಹಚ್ಚಲೇ, ಇಲ್ಲವಾದರೆ ಬಿರುಕು ಬೆಳೆಯುತ್ತದೆ ಎಂದು ಮುರುಗೆಪ್ಪ ಕೇಳಿದ. ನಿಯಮ ಒಪ್ಪುವುದಿಲ್ಲ ಎಂದರು ಇನ್‌ಸ್ಪೆಕ್ಟರರು. ಹೇಳುವಾಗ ಅವರ ದನಿ ಮುಂಜಾನೆಯಷ್ಟು ಗಟ್ಟಿಯಾಗಿರಲಿಲ್ಲ.

ನಾಲ್ಕನೆಯ ದಿನ ಚಂದ್ರಪ್ಪ ಕಣ್ಣು ಬಿಟ್ಟ. ಸುದ್ದಿ ತಿಳಿದು ಕಾಕು, ಅಂಬಾರಾಯ, ಮುರುಗೆಪ್ಪ ಮೂವರೂ ಆಸ್ಪತ್ರೆಗೆ ಹೋದರು. ವಾರ್ಡಿನ ಹೊರಗೆ ಚಪ್ಪಲಿ ಬಿಡಬೇಕಾಗಿತ್ತು. ಒಳಗೆ ಇನ್‌ಸ್ಪೆಕ್ಟರರು ಹೇಳಿಕೆ ಬರೆದುಕೊಳ್ಳುತ್ತಿದ್ದರು. ತಲೆಗೆ ಪಟ್ಟಿ ಸುತ್ತಿದ್ದ ಚಂದ್ರಪ್ಪ ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದ. ಅವನಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ.

"ಮುಖ ಕಾಣ್ಲಿಲ್ಲ ಸಾರ್. ಆದ್ರೆ ಮುರುಗೆಪ್ಪನೇ. ಆ ನಾಲಿನ ಸದ್ದು ನನಗೆ ಗೊತ್ತಿಲ್ವಾ? ಎಲ್ಲಿ ಬೇಕಾದ್ರೂ ಪ್ರಮಾಣ ಮಾಡಿ ಹೇಳ್ತೀನಿ."

ಕಾಕು ಆ ದಿನ ಹೋಳಿಗೆ ತಿಂದೇ ಹೊರಟಿದ್ದರೆ, ಈ ಒಂದು ಮಾತಿಗೆ ಮುಂದೆ ಯಾರಿಂದಲೂ ಉತ್ತರ ಹೇಳುವುದು ಆಗುತ್ತಿರಲಿಲ್ಲ. ಹೇಳಿದವನು ಸುಳ್ಳುಗಾರನೂ ಅಲ್ಲ.

ಮುರುಗೆಪ್ಪ ಬರಿಗಾಲಲ್ಲಿ, ಸದ್ದಿಲ್ಲದೆ, ಹಾಸಿಗೆಯ ಹತ್ತಿರ ಹೋಗಿ ಚಂದ್ರಪ್ಪನ ಕೈ ಹಿಡಿದುಕೊಂಡ.

"ಬೂಟು ನನ್ನವೇ ಅದಾವ, ಚಂದ್ರಪ್ಪ" ಎಂದ. "ಕಾಲು ನನ್ನವಲ್ಲ."